ಹನ್ನೆರಡಕ್ಕೆ ಹತ್ತು, ಒಂಬತ್ತಕ್ಕೆ ಏಳು

ಎರಡು ಲೆಕ್ಕ ಹೇಳ್ತೀನಿ, ನೋಡಿ. ಮೊದಲನೇದು: 12 ಪಂದ್ಯ, 3 ಗೆಲುವು, 1 ಡ್ರಾ, 8 ಸೋಲು. ಗೆದ್ದರೆ 3, ಡ್ರಾ ಆದರೆ 1 ಅನ್ನೋ ಲೆಕ್ಕದಲ್ಲಿ ಒಟ್ಟು 10 ಪಾಯಿಂಟ್. ಎರಡನೇದು: 9 ಪಂದ್ಯ, 1 ಗೆಲುವು, 4 ಡ್ರಾ, 4 ಸೋಲು. ಒಟ್ಟು 7 ಪಾಯಿಂಟ್. ಪಂದ್ಯಕ್ಕೆ ಸರಾಸರಿ ತೆಗೆದರೆ ಒಂದು 0.83, ಇನ್ನೊಂದು 0.78. ಎರಡೂ ಒಂದೇ ಅಂದರೂ ನಡೆಯುತ್ತೆ. ಎರಡರಲ್ಲೂ ಮುಂಬೈ ಸಿಟಿ ಎದುರು 4-0 ಸೋಲು ಒಂದೊಂದಿದೆ.

ಎರಡೂ ಲೆಕ್ಕ ಒಂದೇ ಕ್ಲಬ್ಬಿನದು, ಬೆಂಗಳೂರು ಎಫ್‌ಸಿ. ಕೋಚ್ ಕೂಡ ಒಬ್ಬರೇ, ಸೈಮನ್ ಗ್ರೇಸನ್. ಮೊದಲನೇದು 2022ರ ಡಿಸೆಂಬರ್ ಕೊನೆಯದು. ಆಗ ಅವರನ್ನು ಉಳಿಸಿಕೊಂಡರು. ಎರಡನೇದು 2023ರ ಡಿಸೆಂಬರ್‌ನದು. ಆಗ ಕಳಿಸಿದರು. ಮಧ್ಯದ ಒಂದು ವರ್ಷದಲ್ಲಿ ಈ ಮನುಷ್ಯ ದಡ್ಡನಾದ, ಮತ್ತೆ ಜಾಣನಾದ, ಮತ್ತೆ ದಡ್ಡನಾದ. ಕನಿಷ್ಠ ನಾವು ಸ್ಟ್ಯಾಂಡಿನಲ್ಲಿ ಕೂತವರು ಹಾಗಂತ ಮಾತಾಡಿದ್ವಿ.

ನನಗೆ ಕಾಡೋ ಪ್ರಶ್ನೆ ಫುಟ್ಬಾಲಿನದಲ್ಲ. ಫಲಿತಾಂಶ ನೋಡಿ ಮನುಷ್ಯನಿಗೆ ಬೆಲೆ ಕಟ್ಟೋದು ಎಷ್ಟು ಸರಿ? ಇದು ಕಂಠೀರವದಲ್ಲಿ ಹುಟ್ಟಿದ ಪ್ರಶ್ನೆ ಆದರೂ, ಮಾರ್ಚ್ ತಿಂಗಳಲ್ಲಿ ಅಪ್ರೈಸಲ್ ಫಾರ್ಮ್ ತುಂಬೋ ನಮ್ಮಂಥವರ ಮೇಜಿಗೂ ಬಂದು ಕೂರುತ್ತೆ.

ಮೊದಲು ಗ್ರೇಸನ್ ಯಾರು ಅಂತ ಹೇಳಿಬಿಡ್ತೀನಿ. ಇಂಗ್ಲೆಂಡಿನ ಯಾರ್ಕ್‌ಷೈರ್‌ನವರು. ನಾವು ಟಿವಿಯಲ್ಲಿ ನೋಡೋ ಪ್ರೀಮಿಯರ್ ಲೀಗಿನ ಝಗಮಗದ ಲೋಕದ ಮ್ಯಾನೇಜರ್ ಅಲ್ಲ. ಅದರ ಕೆಳಗಿನ ಮಹಡಿಗಳಲ್ಲಿ ದುಡಿದವರು. ಮೂರನೇ ಹಂತದ ಲೀಗಿಂದ ನಾಲ್ಕು ಬೇರೆ ಬೇರೆ ಕ್ಲಬ್ಬುಗಳನ್ನು ಮೇಲಕ್ಕೆ ಹತ್ತಿಸಿದವರು: 2007ರಲ್ಲಿ ಬ್ಲ್ಯಾಕ್‌ಪೂಲ್, 2010ರಲ್ಲಿ ಲೀಡ್ಸ್, 2012ರಲ್ಲಿ ಹಡರ್ಸ್‌ಫೀಲ್ಡ್, 2015ರಲ್ಲಿ ಪ್ರೆಸ್ಟನ್. ಹಾಗೇ ಲೀಡ್ಸಿಂದ, ಹಡರ್ಸ್‌ಫೀಲ್ಡಿಂದ ಕೆಲಸ ಕಳಕೊಂಡವರು. ಸಂಡರ್‌ಲ್ಯಾಂಡಿನಲ್ಲಂತೂ 2017ರ ಬೇಸಿಗೆಯಲ್ಲಿ ಸೇರಿ ಅದೇ ಅಕ್ಟೋಬರ್ ಕೊನೆಗೆ ಹೊರಗೆ. ಆ ಲೋಕದಲ್ಲಿ ಕೆಲಸ ಹೋಗೋದು ಅಂದರೆ ನಮ್ಮಲ್ಲಿ ಬಾಡಿಗೆ ಮನೆ ಬದಲಾಯಿಸಿದ ಹಾಗೆ.

2022ರ ಜೂನ್‌ನಲ್ಲಿ ಅವರು ಬೆಂಗಳೂರಿಗೆ ಬಂದರು. ಸೆಪ್ಟೆಂಬರ್ 18ಕ್ಕೆ ಕೋಲ್ಕತ್ತಾದಲ್ಲಿ ಮುಂಬೈಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್. ಕ್ಲಬ್ಬಿಗೆ ಆ ಕಪ್ ಅದೇ ಮೊದಲು. ಎಲ್ಲರೂ ಖುಷ್. ಐಎಸ್‌ಎಲ್ ಶುರುವಾಯ್ತು ನೋಡಿ, ಮೇಲೆ ಹೇಳಿದ ಮೊದಲ ಲೆಕ್ಕ. 12 ಪಂದ್ಯಕ್ಕೆ 8 ಸೋಲು. ಡಿಸೆಂಬರ್ 30ಕ್ಕೆ ಈಸ್ಟ್ ಬೆಂಗಾಲ್ ಹತ್ತಿರ ಸೋತಾಗ "ಈ ಅಂಕಲ್‌ನ ವಾಪಸ್ ಕಳಿಸ್ರಪ್ಪಾ" ಅನ್ನೋ ಮಾತು ನಮ್ಮ ವಾಟ್ಸಾಪ್ ಗುಂಪಲ್ಲಿ ದಿನಾ ಬರ್ತಿತ್ತು.

ಆಮೇಲೆ ಏನಾಯ್ತು ಅಂದರೆ, ಉಳಿದ 8 ಪಂದ್ಯಗಳಲ್ಲಿ 8 ಗೆಲುವು. ಜನವರಿ 6ರಿಂದ ಫೆಬ್ರವರಿ 23ರ ತನಕ ಒಂದೂ ಸೋಲಿಲ್ಲ, ಒಂದೂ ಡ್ರಾ ಇಲ್ಲ. 18 ಪಂದ್ಯ ಸೋಲೇ ಕಾಣದ ಮುಂಬೈಯನ್ನೂ ಕಂಠೀರವದಲ್ಲಿ 2-1 ಹೊಡೆದರು. 34 ಪಾಯಿಂಟಿನೊಂದಿಗೆ ನಾಲ್ಕನೇ ಸ್ಥಾನ.

ಈ ಅವಧಿಯ ಒಂದು ನಿರ್ಧಾರವನ್ನು ಗಮನಿಸಿ. ಹಲವು ಪಂದ್ಯಗಳಲ್ಲಿ ಗ್ರೇಸನ್ ಸುನಿಲ್ ಛೆಟ್ರಿಯನ್ನು ಬೆಂಚಿನಲ್ಲಿ ಕೂರಿಸಿ, ಶಿವಶಕ್ತಿ ನಾರಾಯಣನ್ ಅನ್ನೋ ಹುಡುಗನನ್ನು ಆಡಿಸಿದರು. ಛೆಟ್ರಿ ಅಂದರೆ ಈ ಕ್ಲಬ್ಬಿನ ಮನೆದೇವರು. ಗೆದ್ದಿದ್ದಕ್ಕೆ ಅದು "ಧೈರ್ಯದ ನಿರ್ಧಾರ" ಆಯ್ತು. ಅದೇ 8ರಲ್ಲಿ 5 ಸೋತಿದ್ದರೆ? ಅದೇ ನಿರ್ಧಾರ, ಅದೇ ಕಾರಣ, ಅದೇ ಬುಧವಾರದ ಪ್ರಾಕ್ಟೀಸಲ್ಲಿ ನೋಡಿ ತೀರ್ಮಾನ ಮಾಡಿದ್ದು. ಆದರೆ ಹೆಸರು ಮಾತ್ರ "ಅಹಂಕಾರ" ಅಂತ ಆಗ್ತಿತ್ತು. ನಿರ್ಧಾರ ತಗೊಂಡಾಗ ಅವರಿಗೆ ಗೊತ್ತಿದ್ದದ್ದು ಎರಡೂ ಕಥೆಯಲ್ಲಿ ಒಂದೇ.

ಇನ್ನೊಂದು ಜೋಡಿ ಇದಕ್ಕಿಂತ ಚುಚ್ಚುತ್ತೆ. 2012ರ ಮೇ 26, ವೆಂಬ್ಲಿ. ಹಡರ್ಸ್‌ಫೀಲ್ಡ್ ಮತ್ತು ಶೆಫೀಲ್ಡ್ ಯುನೈಟೆಡ್ ಮಧ್ಯೆ ಪ್ರಮೋಷನ್ ಯಾರಿಗೆ ಅನ್ನೋ ಪಂದ್ಯ. 0-0. ಪೆನಾಲ್ಟಿ. ಗ್ರೇಸನ್‌ರ ಹಡರ್ಸ್‌ಫೀಲ್ಡ್ ಮೊದಲ ಮೂರೂ ಪೆನಾಲ್ಟಿ ಹಾಳುಮಾಡಿತು. ಅಲ್ಲಿಗೆ ಮುಗಿದ ಹಾಗೇ ಲೆಕ್ಕ. ಆದರೂ ಆಟ ಮುಂದುವರೀತು, ಎರಡೂ ಕಡೆಯ 11 ಜನರೂ ಒದ್ದರು. ಕೊನೆಗೆ ಶೆಫೀಲ್ಡಿನ ಗೋಲ್‌ಕೀಪರ್ ಒದ್ದ ಚೆಂಡು ಕಂಬದ ಮೇಲಿಂದ ಹೋಯ್ತು. 8-7. ಗ್ರೇಸನ್ "ಪ್ರಮೋಷನ್ ಸ್ಪೆಷಲಿಸ್ಟ್".

2023ರ ಮಾರ್ಚ್ 18, ಗೋವಾದ ಫಟೋರ್ಡಾ. ಐಎಸ್‌ಎಲ್ ಫೈನಲ್, ಎದುರಿಗೆ ಎಟಿಕೆ ಮೋಹನ್ ಬಗಾನ್. 78ನೇ ನಿಮಿಷಕ್ಕೆ ರಾಯ್ ಕೃಷ್ಣ ತಲೆಯಿಂದ ಹೊಡೆದು 2-1. ಇನ್ನು ಹನ್ನೆರಡು ನಿಮಿಷ ಹಿಡಿದುಕೊಂಡರೆ ಸಾಕು. 85ಕ್ಕೆ ಎದುರಾಳಿಗೆ ಪೆನಾಲ್ಟಿ, 2-2. ಶೂಟೌಟಲ್ಲಿ 4-3 ಸೋಲು. ಒಂದು ಚೆಂಡು ಕೀಪರ್ ಕೈಗೆ, ಒಂದು ಕಂಬದ ಮೇಲೆ. ಒಂದು ಸಲ ಬೇರೆಯವರ ಚೆಂಡು ಮೇಲೆ ಹೋಯ್ತು, ಇನ್ನೊಂದು ಸಲ ನಮ್ಮದು. ಈ ಎರಡು ಚೆಂಡುಗಳ ಮಧ್ಯೆ ಕೋಚಿನ ಗುಣ ಎಲ್ಲಿದೆ, ನೀವೇ ಹುಡುಕಿ.

ತತ್ವಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ: ಮಾರಲ್ ಲಕ್. ಕನ್ನಡದಲ್ಲಿ ನೈತಿಕ ಅದೃಷ್ಟ ಅನ್ನಬಹುದೇನೋ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಇದರ ಬಗ್ಗೆ ಒಂದೇ ವೇದಿಕೆಯಲ್ಲಿ ಎದುರುಬದುರು ಬರೆದರು. ಸಮಸ್ಯೆ ಸರಳ. ಒಬ್ಬನ ಕೈಯಲ್ಲಿ ಇಲ್ಲದ್ದಕ್ಕೆ ಅವನನ್ನು ಹೊಗಳೋದೂ ತಪ್ಪು, ಬೈಯೋದೂ ತಪ್ಪು ಅಂತ ನಾವೆಲ್ಲ ಒಪ್ತೀವಿ. ಆದರೆ ದಿನನಿತ್ಯ ಮಾಡೋದು ಅದನ್ನೇ. ಕುಡಿದು ಗಾಡಿ ಓಡಿಸಿದ ಇಬ್ಬರಲ್ಲಿ ಒಬ್ಬನ ಎದುರಿಗೆ ಮಗು ಓಡಿ ಬಂತು, ಇನ್ನೊಬ್ಬನ ರಸ್ತೆ ಖಾಲಿ ಇತ್ತು. ತಪ್ಪು ಒಂದೇ. ಆದರೆ ಒಬ್ಬ ಕೊಲೆಗಾರ, ಇನ್ನೊಬ್ಬ ಮನೆಗೆ ಹೋಗಿ ಮಲಗಿದ. ನೇಗಲ್ ಇನ್ನೂ ಮುಂದಕ್ಕೆ ಹೋಗ್ತಾರೆ: ಫಲಿತಾಂಶ ಮಾತ್ರ ಅಲ್ಲ, ನಾವು ಎಂಥ ಸಂದರ್ಭಕ್ಕೆ ಸಿಕ್ಕಿಬಿದ್ವಿ, ಎಂಥ ಸ್ವಭಾವ ಇಟ್ಟುಕೊಂಡು ಹುಟ್ಟಿದ್ವಿ ಅನ್ನೋದೂ ನಮ್ಮ ಕೈಯಲ್ಲಿಲ್ಲ. ಹೀಗೆ ಒಂದೊಂದೇ ತೆಗೀತಾ ಹೋದರೆ ಕೊನೆಗೆ "ನಾನು ಮಾಡಿದ್ದು" ಅನ್ನೋಕೆ ಉಳಿಯೋದು ಏನು?

ಈ ಮಾತು ಇಂಗ್ಲಿಷ್ ಪುಸ್ತಕದಲ್ಲಿ ಓದೋಕೆ ಮೊದಲೇ ನನಗೆ ಪರಿಚಯ ಇತ್ತು. ನನ್ನ ಊರು ಗದಗಿನ ಹತ್ತಿರದ ಕುರ್ತಕೋಟಿ. ನಮ್ಮ ಮನೆಯವರದ್ದು ಎರೆ ಹೊಲ, ಮಳೆ ನಂಬಿದ ಬೇಸಾಯ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಹೆಸರು ಎರಡು ಚಿಲ್ಲರೆ ತಿಂಗಳ ಬೆಳೆ. ಜೂನ್‌ನಲ್ಲಿ ಹದ ನೋಡಿ ಬಿತ್ತಿದರೆ ಆಗಸ್ಟಿಗೆ ಕಾಯಿ ಒಣಗಿ ಕೈಗೆ ಬರುತ್ತೆ. ಆ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿದರೆ ಮುಗೀತು. ಕಾಯಿ ಗಿಡದಲ್ಲೇ ಕಪ್ಪಾಗುತ್ತೆ, ಒಳಗೆ ಕಾಳು ಮೊಳಕೆ ಒಡೆಯುತ್ತೆ. ಗದಗ ಎಪಿಎಂಸಿಯಲ್ಲಿ ಅದನ್ನು ಮೂಸಿ ನೋಡೋರೂ ಇರಲ್ಲ.

ಒಂದು ವರ್ಷ ನಮ್ಮ ಕಾಕಾ ಹದಕ್ಕೆ ಸರಿಯಾಗಿ ಬಿತ್ತಿದ್ದರು. ಎರಡು ಸಲ ಎಡೆ ಹೊಡೆಸಿ, ಕಸ ತೆಗೆಸಿ, ಹೊಲ ಕನ್ನಡಿ ಹಂಗೆ ಇಟ್ಟಿದ್ದರು. ಬದುವಿನ ಆಚೆಯ ಹೊಲದವರ ಮನೆಯಲ್ಲಿ ಆ ಹೊತ್ತಿಗೆ ಮದುವೆ. ಅವರು ಹದಿನೈದು ದಿನ ತಡವಾಗಿ, ಹೆಂಗೋ ಬಿತ್ತಿದರು. ಆಗಸ್ಟಿನಲ್ಲಿ ವಾರಗಟ್ಟಲೆ ಮಳೆ ಹಿಡೀತು. ಕಾಕಾನ ಬೆಳೆ ಕೈಗೆ ಬಂದದ್ದು ಹಾಳಾಯ್ತು. ಆಚೆಯವರದು ಇನ್ನೂ ಹಸಿರು ಕಾಯಿ, ಮಳೆ ನಿಂತ ಮೇಲೆ ಒಣಗಿ ಒಳ್ಳೆ ರೇಟಿಗೆ ಹೋಯ್ತು.

ಗುಡಿಕಟ್ಟೆ ಮೇಲೆ ಕೂತವರು ಆಗ ಏನಂದರು ಗೊತ್ತಾ? "ಬೆಳಿ ಹೋತು ಖರೆ. ಆದ್ರ ಮನಷ್ಯಾ ಕೆಲಸಾ ಚಲೋ ಮಾಡಿದ್ದ ನೋಡ್ರಿ." ಆಚೆಯವರ ಬಗ್ಗೆ, "ಅವಂದು ದೈವ." ಬೆಳೆಗೊಂದು ಮಾತು, ಬೆಳೆದವನಿಗೊಂದು ಮಾತು. ಎರಡನ್ನೂ ಕಲಸಲಿಲ್ಲ. ವಿಲಿಯಮ್ಸ್, ನೇಗಲ್ ಪುಟಗಟ್ಟಲೆ ಬರೆದ ವ್ಯತ್ಯಾಸವನ್ನು ಎರಡು ಸಾಲಲ್ಲಿ ಮುಗಿಸಿದ್ದರು.

ಊರಿನವರನ್ನು ಋಷಿಗಳನ್ನಾಗಿ ಮಾಡೋ ಆಸೆ ನನಗಿಲ್ಲ. ಅದೇ ಕಟ್ಟೆಯ ಇಬ್ಬರು ಮರುವರ್ಷ ಹೆಸರನ್ನು ಬೇಕಂತಲೇ ತಡ ಮಾಡಿ ಬಿತ್ತಿದರು! ಗೆದ್ದವನ ದೈವವನ್ನು ಅವನ ಬುದ್ಧಿ ಅಂತ ತಿಳಿದು ನಕಲು ಹೊಡೆಯೋದು ಬರೀ ಸ್ಟಾರ್ಟಪ್ ಜಗತ್ತಿನ ರೋಗ ಅಲ್ಲ. ಮತ್ತೆ, ಸಾಲ ಕೊಟ್ಟವನು ಎಡೆ ಎಷ್ಟು ಸಲ ಹೊಡೆದೆ ಅಂತ ಕೇಳಲ್ಲ, ಕಂತು ಎಲ್ಲಿ ಅಂತಾನೆ. ಹೆಣ್ಣು ಕೊಡೋರು ಪೀಕು ನೋಡ್ತಾರೆ. ತಗ್ಗಿನ ಹೊಲ ಪಾಲಿಗೆ ಬಂದವನು, ಬೋರ್‌ವೆಲ್‌ಗೆ ನೀರು ಬೀಳದವನು ಎಷ್ಟು ದುಡಿದರೂ ಹಿಂದೆಯೇ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅದನ್ನು ದೇಶದ ಮೊದಲ ಕೃಷಿ ಸಹಕಾರಿ ಸಂಘ ಅಂತ ಹೇಳ್ತಾರೆ. ನನಗೆ ಅದು ದೈವವನ್ನು ಹಂಚಿಕೊಳ್ಳೋ ಏರ್ಪಾಡು ಅನ್ಸುತ್ತೆ. ಒಬ್ಬನಿಗೆ ಕೆಟ್ಟ ವರ್ಷ ಬಂದರೆ ಅವನೊಬ್ಬನೇ ಮುಳುಗಬಾರದು, ಅಷ್ಟೇ.

ಈಗ ಆಫೀಸಿಗೆ ಬರೋಣ. ನಾನು ಬೆಂಗಳೂರಲ್ಲಿ ಒಂದು ಕಂಪನಿಯಲ್ಲಿ ಏಳು ಜನರ ತಂಡ ನೋಡಿಕೊಳ್ತೀನಿ. ಅಪ್ರೈಸಲ್ ಹೊತ್ತಿಗೆ ನಮ್ಮಲ್ಲೂ ಒಂದು ಕರ್ವ್ ಇದೆ: ಇಷ್ಟು ಜನ ಮೇಲೆ, ಇಷ್ಟು ಜನ ಮಧ್ಯ, ಒಬ್ಬರಾದರೂ ಕೆಳಗೆ. ಒಂದು ವರ್ಷ ತಂಡದ ಒಬ್ಬ ಹುಡುಗಿ ಹತ್ತು ತಿಂಗಳು ದುಡಿದ ಪ್ರಾಜೆಕ್ಟು ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು. ಕ್ಲೈಂಟ್ ಕಂಪನಿಯನ್ನು ಇನ್ಯಾರೋ ಕೊಂಡುಕೊಂಡರು, ಕೊಂಡವರ ಹತ್ತಿರ ಅದೇ ಕೆಲಸದ ಸಾಫ್ಟ್‌ವೇರ್ ಮೊದಲೇ ಇತ್ತು. ಅವಳ ಕೋಡ್ ರಿವ್ಯೂಗಳು, ಡಿಸೈನ್ ಎಲ್ಲಾ ತಂಡದಲ್ಲೇ ಚೆನ್ನಾಗಿದ್ದವು. ಆದರೆ ವರ್ಷದ ಕೊನೆಗೆ "ಡೆಲಿವರಿ" ಅನ್ನೋ ಕಾಲಂ ಖಾಲಿ. ಪಕ್ಕದ ಹುಡುಗನ ಕ್ಲೈಂಟ್ ಅದೇ ವರ್ಷ ಬಜೆಟ್ ದುಪ್ಪಟ್ಟು ಮಾಡಿದ್ದರು. ಅವನ ಕಾಲಂ ತುಂಬಿ ತುಳುಕ್ತಿತ್ತು. ಅವನೂ ಒಳ್ಳೆ ಕೆಲಸಗಾರನೇ, ಆದರೆ ಹೊಲ ಬೇರೆ, ಮಳೆ ಬೇರೆ.

ಕೆಳಗಿನ ರೇಟಿಂಗ್ ಅವಳಿಗೆ ಹೋಗುತ್ತೆ ಅನ್ನೋದು ಮೀಟಿಂಗಿಗೆ ಮೊದಲೇ ತೀರ್ಮಾನ ಆಗಿತ್ತು. ನಾನು ವಾದ ಮಾಡಿದೆ, ಅಂಕೆ ಬದಲಾಗಲಿಲ್ಲ. ನನ್ನನ್ನು ಬೆಚ್ಚಿಬೀಳಿಸಿದ್ದು ಅದಾದ ಮೇಲಿನ ಮಾತು. ಅಂಕೆಗೆ ಒಂದು ಕಾರಣ ಬರೀಬೇಕಲ್ಲ? "ಓನರ್‌ಶಿಪ್ ಕಡಿಮೆ ಅಂತ ಹಾಕಿ, ಎಲ್ಲರೂ ಹಾಗೇ ಹಾಕೋದು" ಅಂದರು. ಅಂದರೆ ಮೊದಲು ಫಲಿತಾಂಶ, ಆಮೇಲೆ ಅದಕ್ಕೆ ಹೊಂದೋ ಸ್ವಭಾವ. ನಾನು ಅದನ್ನು ಬರೀಲಿಲ್ಲ. ಕ್ಲೈಂಟ್ ಮಾರಾಟವಾದದ್ದರಿಂದ ಪ್ರಾಜೆಕ್ಟ್ ನಿಂತಿತು, ಕೆಲಸದ ಗುಣಮಟ್ಟ ತಂಡದಲ್ಲೇ ಉತ್ತಮ ಅಂತ ಎರಡು ಸಾಲು ಬರೆದೆ. ಅವಳು ಓದಿ ಹೇಳಿದ್ದು ಇಷ್ಟು: "ಇನ್ಕ್ರಿಮೆಂಟ್ ಹೋಗಿದ್ದಕ್ಕೆ ಬೇಜಾರಿಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಇದನ್ನ ಓದಿದ್ಮೇಲೆ ನನ್ನ ಬಗ್ಗೆ ನನಗೇ ಡೌಟ್ ಬರಲ್ಲ." ಆ ಎರಡು ಸಾಲು ಅವಳ ಹೋಮ್ ಲೋನ್ ಕಂತು ಕಟ್ಟಲಿಲ್ಲ. ಅದು ಗೊತ್ತಿದ್ದೇ ಹೇಳ್ತಿದ್ದೀನಿ.

ನೀವು ಕೇಳಬಹುದು: ಹಾಗಾದರೆ ಎಲ್ಲಾ ದೈವವೇ? ಯಾರನ್ನೂ ಯಾವುದಕ್ಕೂ ಕೇಳೋ ಹಾಗೇ ಇಲ್ವಾ? ಗ್ರೇಸನ್‌ರ ಎರಡನೇ ಸೀಸನ್ ಇದಕ್ಕೆ ಒಳ್ಳೆ ಪರೀಕ್ಷೆ. ಫೈನಲ್ ಸೋತ ಮರುತಿಂಗಳೇ, 2023ರ ಏಪ್ರಿಲ್ 25ಕ್ಕೆ ಕೋಯಿಕ್ಕೋಡ್‌ನಲ್ಲಿ ಒಡಿಶಾ ಎದುರು ಸೂಪರ್ ಕಪ್ ಫೈನಲ್ಲೂ ಹೋಯ್ತು, 2-1. ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ ಹೋದರು, ಸಂದೇಶ್ ಝಿಂಗನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ. ಉಳಿದ ತಂಡದೊಂದಿಗೆ ಶುರುವಾದ ಸೀಸನ್ನಿನಲ್ಲಿ 9 ಪಂದ್ಯಕ್ಕೆ ಒಂದೇ ಗೆಲುವು. ಡಿಸೆಂಬರ್ 8ಕ್ಕೆ ಕಂಠೀರವದಲ್ಲಿ ಮುಂಬೈ 4-0 ಹೊಡೆದು ಹೋಯ್ತು. ಮರುದಿನ ಗ್ರೇಸನ್ ಹೋದರು. ಆ ರಾತ್ರಿ ನಾನು ಸ್ಟ್ಯಾಂಡಲ್ಲಿದ್ದೆ. ಅದು ಬರೀ ದುರದೃಷ್ಟ ಅನ್ನೋಕೆ ನನ್ನ ಕಣ್ಣು ಒಪ್ಪಲಿಲ್ಲ. ತಂಡಕ್ಕೆ ಏನು ಮಾಡಬೇಕು ಅಂತಲೇ ಗೊತ್ತಿರಲಿಲ್ಲ. ಅದರಲ್ಲಿ ಕೋಚಿನ ಪಾಲು ಇದ್ದೇ ಇದೆ.

ಹಾಗಾಗಿ ಇಲ್ಲಿ ಒಂದಲ್ಲ, ಮೂರು ಪ್ರಶ್ನೆ ಇವೆ ಅಂತ ನನಗನ್ಸುತ್ತೆ. ಒಂದು: ಇವರು ಮುಂದುವರೀಬೇಕಾ? ಇದು ನಾಳೆಯ ಪ್ರಶ್ನೆ. ಇದಕ್ಕೆ ಫಲಿತಾಂಶ ನೋಡಲೇಬೇಕು, ಕ್ಲಬ್ ನಡೆಸೋರಿಗೆ ಬೇರೆ ದಾರಿ ಇಲ್ಲ. ಎರಡು: ಇವರು ಕೆಲಸ ಸರಿಯಾಗಿ ಮಾಡಿದ್ರಾ? ಇದು ನಿನ್ನೆಯ ಪ್ರಶ್ನೆ. ಆವತ್ತು ಅವರಿಗೆ ಏನು ಗೊತ್ತಿತ್ತು, ಕೈಯಲ್ಲಿ ಏನಿತ್ತು ಅನ್ನೋದರಿಂದ ಮಾತ್ರ ಉತ್ತರಿಸಬೇಕು. ಮೂರು: ಇವರು ಎಂಥ ಮನುಷ್ಯ? ಇದಕ್ಕೆ ಸ್ಕೋರ್‌ಬೋರ್ಡ್ ಹತ್ತಿರ ಉತ್ತರವೇ ಇಲ್ಲ.

ಮೊದಲನೇ ಪ್ರಶ್ನೆಯ ಬಗ್ಗೆಯೂ ನಾವು ಅಂದುಕೊಂಡಷ್ಟು ಖಚಿತವಾಗಿ ಮಾತಾಡೋ ಹಾಗಿಲ್ಲ. ಬಾಸ್ ಟರ್ ವೀಲ್ ಅನ್ನೋ ಡಚ್ ಅರ್ಥಶಾಸ್ತ್ರಜ್ಞರು 1986ರಿಂದ 2004ರ ತನಕದ ನೆದರ್‌ಲ್ಯಾಂಡ್ಸ್ ಫುಟ್ಬಾಲ್ ಲೆಕ್ಕ ತೆಗೆದು ನೋಡಿದ್ದಾರೆ. ಸಾಲು ಸೋಲಿನ ಮೇಲೆ ಕೋಚ್ ಬದಲಾಯಿಸಿದ ತಂಡಗಳು ಚೇತರಿಸಿಕೊಂಡವು. ಸರಿ. ಆದರೆ ಅಂಥದೇ ಕುಸಿತ ಕಂಡು ಕೋಚನ್ನು ಇಟ್ಟುಕೊಂಡ ತಂಡಗಳೂ ಹೆಚ್ಚುಕಡಿಮೆ ಹಾಗೇ ಚೇತರಿಸಿಕೊಂಡವು. ತೀರಾ ಕೆಟ್ಟ ದಿನಗಳ ಮೇಲೆ ಸಾಧಾರಣ ದಿನಗಳು ಬಂದೇ ಬರ್ತವೆ. ಬಂದಾಗ ಎದುರಿಗೆ ಯಾರು ನಿಂತಿರ್ತಾರೋ ಹಾರ ಅವರ ಕೊರಳಿಗೆ.

ನನ್ನ ತಕರಾರು ಗ್ರೇಸನ್‌ರನ್ನು ತೆಗೆದದ್ದಕ್ಕಲ್ಲ. ತೆಗೆಯೋದು ಬೇರೆ, ತಪ್ಪಿತಸ್ಥ ಮಾಡೋದು ಬೇರೆ. ಒಬ್ಬರನ್ನು ಕಳಿಸುವಾಗ ನಮಗೆ ಒಳಗೆ ಚುಚ್ಚುತ್ತೆ. ಆ ಚುಚ್ಚು ತಪ್ಪಿಸಿಕೊಳ್ಳೋಕೆ ಅವರ ಹಿಂದಿನದನ್ನೆಲ್ಲ ತಿದ್ದಿ ಬರೀತೀವಿ. 8 ಸತತ ಗೆಲುವು "ಆಟಗಾರರದ್ದು" ಆಗುತ್ತೆ, 4 ಸೋಲು "ಕೋಚಿನದ್ದು". ಅವರಿಗೆ ಆಟ ಗೊತ್ತೇ ಇರಲಿಲ್ಲ ಅಂತೀವಿ. ಹಾಗಂದರೆ ರಾತ್ರಿ ನಿದ್ದೆ ಬರುತ್ತೆ, ಅದಕ್ಕೆ ಅಷ್ಟೇ ಉಪಯೋಗ. "ಓನರ್‌ಶಿಪ್ ಕಡಿಮೆ" ಅನ್ನೋ ಸಾಲೂ ಇಂಥದೇ ನಿದ್ದೆಮಾತ್ರೆ. ನುಂಗೋದು ಕಳಿಸೋರು, ಅಡ್ಡಪರಿಣಾಮ ಮಾತ್ರ ಹೋದವರಿಗೆ.

ಇಂಥ ಹೊತ್ತಲ್ಲಿ ಯಾರಾದರೂ ಗೀತೆ ನೆನಪಿಸ್ತಾರೆ: ಕೆಲಸ ನಿನ್ನದು, ಫಲದ ಚಿಂತೆ ಬಿಡು ಅಂತ. ಒಳ್ಳೆ ಮಾತೇ. ಆದರೆ ಗಮನಿಸಿ, ಅದನ್ನು ಯಾವಾಗಲೂ ಹೇಳೋದು ದುಡಿಯೋನಿಗೆ. ಅಳೆಯೋನಿಗೆ ಯಾರೂ ಹೇಳಲ್ಲ. ಅಳೆಯೋನು ಪೂರ್ತಿ ಫಲದ ಮೇಲೇ ಕೂತಿರ್ತಾನೆ, ದುಡಿಯೋನಿಗೆ ಮಾತ್ರ ನಿಷ್ಕಾಮ ಕರ್ಮದ ಉಪದೇಶ. ಆ ಮಾತು ನಿಜವಾಗಲೂ ಬೇಕಿರೋದು ತಕ್ಕಡಿ ಹಿಡಿದ ಕೈಗೆ.

ತಕ್ಕಡಿ ಹಿಡಿಯೋ ಕೆಲಸ ನಿಮಗೂ ಇವತ್ತಲ್ಲ ನಾಳೆ ಬರುತ್ತೆ. ಆಗ ಮಾಡಬಹುದಾದ್ದು ಎರಡು ಇವೆ, ಖರ್ಚೇನೂ ಇಲ್ಲ. ಒಂದು, ಫಲಿತಾಂಶ ಬರೋ ಮೊದಲೇ ಕೆಲಸದ ಬಗ್ಗೆ ಅಭಿಪ್ರಾಯ ಬರೆದಿಡಿ, ತಿಂಗಳಿಗೊಂದು ಸಾಲಾದರೂ ಸಾಕು. ಬೆಳೆ ಬಂದಮೇಲೆ ಹೊಲದ ನೆನಪು ಬಣ್ಣ ಬದಲಾಯಿಸುತ್ತೆ. ಎರಡು, ಗೆದ್ದವರ ಫಾರ್ಮಲ್ಲೂ ದೈವದ ಪಾಲು ಎಷ್ಟು ಅಂತ ಬರೀರಿ. ಸೋತವರಿಗೆ ನ್ಯಾಯ ಸಿಗಬೇಕಾದರೆ ಗೆದ್ದವರ ಲೆಕ್ಕವೂ ಸರಿಯಾಗಬೇಕು. ಪಕ್ಕದ ಹುಡುಗನಿಗೆ ನಾನು ಇದನ್ನು ಹೇಳಿದಾಗ ಅವನಿಗೆ ಹಿಡಿಸಲಿಲ್ಲ. ಸಹಜ. ತನ್ನ ಬೆಳೆಯಲ್ಲಿ ಮಳೆಯ ಪಾಲಿದೆ ಅಂತ ಒಪ್ಪೋದು ಯಾರಿಗೂ ಸುಲಭ ಅಲ್ಲ.

ಗ್ರೇಸನ್ ಹೋದಮೇಲೆ ಹೆರಾರ್ಡ್ ಝರಗೋಝಾ ಬಂದರು. ಅವರ ಕೈಕೆಳಗೆ ತಂಡ 2025ರ ಏಪ್ರಿಲ್ 12ಕ್ಕೆ ಮತ್ತೆ ಐಎಸ್‌ಎಲ್ ಫೈನಲ್ ಮುಟ್ಟಿತು. ಎದುರಿಗೆ ಮತ್ತೆ ಮೋಹನ್ ಬಗಾನ್. ಹೆಚ್ಚುವರಿ ಸಮಯದಲ್ಲಿ 2-1 ಸೋಲು. ನಮ್ಮ ವಾಟ್ಸಾಪ್ ಗುಂಪಲ್ಲಿ ಮತ್ತೆ ಅದೇ ಚರ್ಚೆ ಶುರುವಾಯ್ತು, ತಪ್ಪು ಯಾರದು ಅಂತ. ನಾನು ಒಂದೇ ಮಾತು ಟೈಪ್ ಮಾಡಿದೆ: "ಬೆಳಿ ಹೋತು ಖರೆ. ಕೆಲಸಾ ಹೆಂಗ ಮಾಡಿದ್ರು, ಅದನ್ನ ಮೊದಲ ಹೇಳ್ರಿ." ಇಬ್ಬರು ನಗೋ ಇಮೋಜಿ ಹಾಕಿದರು. ಒಬ್ಬ ಮಾತ್ರ ಎರಡನೇ ಅರ್ಧದ ಆಟದ ಬಗ್ಗೆ ಸರಿಯಾಗಿ, ಉದ್ದಕ್ಕೆ ಬರೆದ.